ಪಟ್ಟಿಯಲ್ಲಿರುವ ಏಳು ಡಾಕ್ಟರು

ಜೂನ್ 4

ತಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡೋಣವೆಂದು ಪೆನ್ನು ಹಿಡಿದೆ. ಆ ಸುಳ್ಳು ಯಾಕೆ ಬೇಕು ಹೇಳು. ನಿನ್ನ ಭಾವನವರಿಗೆ ಹುಷಾರಿಲ್ಲ. ಸಣ್ಣಪುಟ್ಟದ್ದಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ಮನೆಯಲ್ಲಿರುವುದು ಎರಡು ಕೋಣೆ, ಒಂದರಲ್ಲಿ ಕೆಮ್ಮಿದರೆ ಇನ್ನೊಂದರಲ್ಲಿ ಕೇಳಿಸುತ್ತದೆ. ನಿನಗೆ ತಿಳಿಸಕೂಡದೆಂದು ಇವರು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. “ಅವನ ಮುಂದೆ ನನ್ನ ಮರ್ಯಾದೆ ತೆಗೀಬೇಡ” ಎಂದರು. ಅಲ್ಲದೆ ಫೋನಿನಲ್ಲಿ ನೀನು ಆ ಆಫೀಸಿನ ದನಿ ತೆಗೆಯುತ್ತೀಯ, ನನಗೆ ರೇಗುತ್ತದೆ, ಅರ್ಧಕ್ಕೇ ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಲಾಂಡ್ರಿಯಲ್ಲಿ ಹೋಟೆಲಿನ ಹಾಸುಬಟ್ಟೆ ಮಡಿಸುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಉತ್ತರವನ್ನೂ ಲಾಂಡ್ರಿಯ ವಿಳಾಸಕ್ಕೇ ಹಾಕು.

ಮದುವೆಯಾದಾಗಿನಿಂದ ಒಂದು ಕರ್ಚೀಫನ್ನೂ ಒಗೆಯದ ಮನುಷ್ಯ ಈಗ ಬಸ್ ಓಡಿಸುವ ಡ್ಯೂಟಿಯಿಂದ ಬಂದವರೇ ಬಚ್ಚಲಿಗೆ ಹೋಗಿ ತಮ್ಮ ಪ್ಯಾಂಟು ತಾವೇ ಒಗೆಯುತ್ತಾರೆ. ಕೇಳಿದರೆ ಬಸ್ಸಿನ ಸೀಟಿನ ತುಕ್ಕು ಹತ್ತಿತ್ತು ಅನ್ನುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಕಂಡವರ ಹಾಸಿಗೆ ಬಟ್ಟೆ ಒಗೆಯುವವಳ ಕಿವಿಗೆ ಹೂವು ಇಡಲು ಬರುತ್ತಾರೆ! ರಕ್ತ ಕಣೋ. ಚಳಿಗಾಲದಿಂದಲೂ ಹೋಗುತ್ತಿದೆಯಂತೆ. ಅವರ ರೂಟಿನಲ್ಲಿ ಯಾವ ಸ್ಟಾಪಿನ ಹಿಂದೆ ಶೌಚಾಲಯವಿದೆ, ಯಾವುದಕ್ಕೆ ಬೀಗ ಹಾಕಿರುತ್ತಾರೆ ಎಲ್ಲ ಬಾಯಿಪಾಠ. ಡ್ಯೂಟಿ ಇದ್ದ ದಿನ ಬೆಳಿಗ್ಗೆಯಿಂದ ಏನೂ ತಿನ್ನುವುದಿಲ್ಲ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡಿದ್ದಾರೆ.

ಬೀದಿ ಕೊನೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿ, “ಇದು ನನ್ನ ಕೈಲಾಗೋದಲ್ಲ. ಗ್ಯಾಸ್ಟ್ರೋ ಡಾಕ್ಟರಿಗೆ ತೋರಿಸಿ, ಕರುಳೊಳಗೆ ಕೊಳವೆ ಬಿಟ್ಟು ನೋಡ್ತಾರೆ. ತಡ ಮಾಡ್ಬೇಡಿ” ಎಂದರು. ನಮ್ಮ ಹತ್ತಿರ ಇರುವುದು ಸರ್ಕಾರದ ವಿಮೆ ಕಾರ್ಡ್ ಒಂದೇ. ಆ ಕಾರ್ಡಿನ ಆಫೀಸಿನಲ್ಲೇ ನೀನು ಕೂತಿದ್ದೀಯ. ಅದನ್ನು ತೆಗೆದುಕೊಳ್ಳುವ ಒಬ್ಬ ಗ್ಯಾಸ್ಟ್ರೋ ಡಾಕ್ಟರನ್ನು ಹುಡುಕಿಕೊಡು. ಇಷ್ಟು ವರ್ಷದಲ್ಲಿ ನಿನ್ನನ್ನು ಏನೂ ಕೇಳಿಲ್ಲ.

ಅಕ್ಕ

ಜೂನ್ 11

ಪ್ರೀತಿಯ ಅಕ್ಕಾ,

ನಿನ್ನ ಕಾಗದ ನೋಡಿ ಮೊದಲು ಹೆದರಿದೆ, ಆಮೇಲೆ ನಗು ಬಂತು. ಬೆಲ್ಟಿಗೆ ಮೊಳೆ ಹೊಡೆಯುವ ಭಾವನನ್ನು ಕಣ್ಣಮುಂದೆ ತಂದುಕೊಂಡೆ. ಇಡೀ ದಿನ ಬಿಸಿ ಎಂಜಿನ್ನಿನ ಪಕ್ಕ ಕೂತು ಕೆಲಸ ಮಾಡುವವರಿಗೆ ಮೂಲವ್ಯಾಧಿ ಸಾಮಾನ್ಯ. ಗಾಬರಿಯಾಗಬೇಡ.

ಸರಿಯಾದ ಜಾಗದಲ್ಲೇ ಕೇಳಿದ್ದೀಯ. ಡಾಕ್ಟರುಗಳ ಪಟ್ಟಿಯೇ ನನ್ನ ವಿಭಾಗದ ಕೆಲಸ. ನಿಮ್ಮ ಊರೊಂದರಲ್ಲೇ ಏಳು ಜನ ಹೊಟ್ಟೆ-ಕರುಳಿನ ತಜ್ಞರಿದ್ದಾರೆ! ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಯಾರಿಗಾದರೂ ಫೋನ್ ಮಾಡಿ ಕಾರ್ಡಿನ ನಂಬರ್ ಹೇಳಿದರೆ ಸಾಕು, ನೀರು ಕುಡಿದಷ್ಟು ಸುಲಭ. ಈ ಸಲ ಇಡೀ ಇಲಾಖೆಯಲ್ಲಿ ನಮ್ಮ ಪಟ್ಟಿಯೇ ಎಲ್ಲಕ್ಕಿಂತ ಉದ್ದ. ಮೊನ್ನೆ ಸಭೆಯಲ್ಲಿ ಸಾಹೇಬರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದರು. ಇದನ್ನು ಭಾವನಿಗೆ ಹೇಳಬಹುದು. ಉಳಿದದ್ದು ನನಗೆ ಗೊತ್ತಿಲ್ಲದ ಹಾಗೇ ಇರುತ್ತೇನೆ.

ನಿನ್ನ ತಮ್ಮ

ಜೂನ್ 24

ಹೊಗಳಿಸಿಕೊಂಡ ತಮ್ಮನೇ,

ಮಧ್ಯಾಹ್ನದ ಊಟ ಬಿಟ್ಟು ಲಾಂಡ್ರಿಯ ಹಿಂದಿನ ಗಲ್ಲಿಯಲ್ಲಿ, ಬಿಸಿ ಹಬೆ ಬಿಡುವ ಕೊಳವೆಯ ಪಕ್ಕ ನಿಂತು ನಿನ್ನ ಉದ್ದದ ಪಟ್ಟಿಯವರಿಗೆಲ್ಲ ಫೋನ್ ಮಾಡಿದೆ. ಕೇಳಿಸಿಕೋ.

ಮೊದಲನೆಯವರ ನಂಬರಿಗೆ ಒಬ್ಬ ಹೆಂಗಸು ಸಿಕ್ಕರು. ಡಾಕ್ಟರು ಇದ್ದಾರಾ ಎಂದೆ. “ಅವರು ತೀರಿಕೊಂಡು ಎರಡು ವರ್ಷ ಆಯ್ತಮ್ಮಾ. ನಿಮ್ಮ ಥರ ಆಗಾಗ ಯಾರಾದ್ರೂ ಮಾಡ್ತಾನೇ ಇರ್ತಾರೆ. ಪ್ರತಿ ಸಲ ಹೇಳೋದೇ ನನ್ನ ಪಾಡಾಗಿದೆ” ಎಂದು ಅತ್ತರು. ನಾನೂ ಆ ಗಲ್ಲಿಯಲ್ಲಿ ನಿಂತು ಅತ್ತೆ. ನನ್ನ ಗಂಡನಿಗೆ ಡಾಕ್ಟರನ್ನು ಹುಡುಕಲು ಹೋಗಿ ಇನ್ನೊಬ್ಬಳ ಗಂಡನಿಗೆ ಅತ್ತು ಬಂದೆ.

ಎರಡನೆಯವರದು ಹತ್ತಿರವೇ, ನಡೆದೇ ಹೋದೆ. ಅಲ್ಲಿರುವುದು ಸೋಫಾ ಅಂಗಡಿ. ಒಳಗೆ ಕಾಲಿಟ್ಟ ಕೂಡಲೇ ಟೈ ಕಟ್ಟಿದವನೊಬ್ಬ “ಮೇಡಂ, ಮೂರು ಜನ ಕೂರೋದಾ, ಐದು ಜನ ಕೂರೋದಾ?” ಎಂದ. ಇನ್ನೊಬ್ಬರು ಮಕ್ಕಳ ಡಾಕ್ಟರು. “ಪೇಷಂಟಿಗೆ ವಯಸ್ಸೆಷ್ಟು?” ಎಂದರು, ಐವತ್ತೊಂದು ಎಂದೆ, ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಇಟ್ಟುಬಿಟ್ಟರು. ಆಮೇಲಿನವರ ಕೌಂಟರಿನ ಹುಡುಗಿ ಕಾರ್ಡ್ ಅಂದ ಕೂಡಲೇ, “ಅದಾ? ಅದನ್ನ ಬಿಟ್ಟು ಜಮಾನ ಆಯ್ತು. ನಿಮ್ಮ ಸರ್ಕಾರದವರು ಬಿಲ್ಲು ಕಳಿಸಿದ್ರೆ ಕಣ್ಣೂ ಹಾಯಿಸಲ್ಲ” ಎಂದಳು. ನಮ್ಮ ಸರ್ಕಾರವಂತೆ! ನನ್ನ ಅಪ್ಪನ ಮನೆಯದು ನೋಡು. ಇನ್ನಿಬ್ಬರ ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ, ಎತ್ತುವವರಿಲ್ಲ.

ಉಳಿದವರು ಒಬ್ಬರೇ. ಅವರ ಕಡೆಯವಳು, “ಕಾರ್ಡ್ ತಗೋತೀವಿ, ಮುಂದಿನ ವಾರ ಪೇಷಂಟನ್ನ ಕರ್ಕೊಂಡು ಬನ್ನಿ” ಎಂದಿದ್ದಾಳೆ. ಅದೊಂದನ್ನೇ ನಂಬಿಕೊಂಡಿದ್ದೇನೆ.

ಯಾರಪ್ಪಾ ಈ ಪಟ್ಟಿ ಬರೆದದ್ದು? ಬರೆದವರಿಗೆ ಕಣ್ಣಿತ್ತಾ?

ಅಕ್ಕ

ಜುಲೈ 3

ಅಕ್ಕಾ,

ನೀನು ಸಿಟ್ಟಿನಲ್ಲಿ ಕೇಳಿದರೆ ಯಾರು ತಾನೇ ಸರಿಯಾಗಿ ಉತ್ತರ ಕೊಡುತ್ತಾರೆ? ನಿನ್ನ ದನಿ ನನಗೆ ಗೊತ್ತಿಲ್ಲವೇ. ಮೊದಲು ಕಾರ್ಡಿನ ನಂಬರ್ ಹೇಳಬೇಕು, ಆಮೇಲೆ ತೊಂದರೆ ಹೇಳಬೇಕು. ಆಗಲೂ ಇಲ್ಲ ಎಂದರೆ ದೂರಿನ ನಂಬರ್ ಇದೆ, ಕಾರ್ಡಿನ ಹಿಂಬದಿಯಲ್ಲಿ ಅಚ್ಚು ಹಾಕಿದೆ.

ಪಟ್ಟಿಯನ್ನು ಯಾರೋ ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ. ವರ್ಷಕ್ಕೊಮ್ಮೆ ನಾವು ಪ್ರತಿಯೊಬ್ಬರಿಗೂ ಫೋನ್ ಮಾಡುತ್ತೇವೆ. ಡಾಕ್ಟರೇ ಫೋನಿಗೆ ಬರದಿದ್ದರೆ ಕಾಗದ ಹಾಕುತ್ತೇವೆ. ಒಂದು ತಿಂಗಳೊಳಗೆ ಉತ್ತರ ಬರದಿದ್ದರೆ “ಮುಂದುವರಿದಿದೆ” ಎಂದು ಗುರುತು ಹಾಕುತ್ತೇವೆ. ಬೇಡ ಎನ್ನದವರು ಇದ್ದಾರೆ ಎಂದೇ ಲೆಕ್ಕ. ಇದು ನಾನು ಬರುವುದಕ್ಕೂ ಮೊದಲಿನಿಂದ ಇರುವ ಪದ್ಧತಿ. ತೀರಿಹೋದವರ ಮನೆಯವರು ಒಂದು ಸಾಲು ಬರೆದು ತಿಳಿಸಿದ್ದರೆ ತೆಗೆದುಹಾಕುತ್ತಿದ್ದೆವು. ಅವರು ತಿಳಿಸಲಿಲ್ಲ, ನಾವೇನು ಮಾಡೋಣ?

ಹೇಗೂ ಏಳರಲ್ಲಿ ಒಬ್ಬರು ಸಿಕ್ಕಿದರಲ್ಲ. ನಮಗೆ ಬೇಕಾದದ್ದು ಒಬ್ಬರೇ ತಾನೇ.

ತಮ್ಮ

ಜುಲೈ 8

ಏನೋ ಅಂದೆ? ಗಂಡ ಸತ್ತವಳು ನಿನ್ನ ಆಫೀಸಿಗೆ ಕಾಗದ ಬರೆಯಬೇಕಿತ್ತಾ? ನಿನ್ನ ನಾಲಿಗೆಗೆ ಒಂದಿಷ್ಟೂ ನಾಚಿಕೆ ಇಲ್ಲವಲ್ಲೋ! ಅಪ್ಪ ಅಮ್ಮ ಇಲ್ಲದ ಹುಡುಗ ಎಂದು ನಾನು ಹೊಡೆಯದೆ ಬೆಳೆಸಿದ್ದೇ ತಪ್ಪಾಯಿತು.

ಆ ಒಬ್ಬರೇ ಡಾಕ್ಟರ ಕಥೆ ಕೇಳು. ಇವರು ಹಲ್ಲುನೋವು ಎಂದು ಡಿಪೋದಲ್ಲಿ ಸುಳ್ಳು ಹೇಳಿ ರಜೆ ಪಡೆದರು. ನಿಜ ಹೇಳಿದರೆ ಸ್ಟಿಯರಿಂಗ್ ಮುಟ್ಟಲು ಬಿಡುವುದಿಲ್ಲ. ಇದ್ದುದರಲ್ಲಿ ಒಳ್ಳೆಯ ಶರಟು ಹಾಕಿಕೊಂಡರು. ಗಾಜಿನ ಬಾಗಿಲಿನ ದೊಡ್ಡ ಕೋಣೆ, ಕೂತವರು ತುಂಬ ಜನ. ಕೌಂಟರಿನವಳು ಕಾರ್ಡನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಕೋಣೆಗೆಲ್ಲ ಕೇಳುವಂತೆ, “ಏನ್ರೀ, ಕಕ್ಕಸಿನಲ್ಲಿ ರಕ್ತನಾ? ಎಷ್ಟು ದಿನದಿಂದ? ಎಷ್ಟು ಸಲ?” ಎಂದು ಕೇಳಿದಳು. ನೂರು ಜನರನ್ನು ಕೂರಿಸಿಕೊಂಡು ಊರು ಸುತ್ತುವ ಮನುಷ್ಯ, ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ ಬೆರಳು ಮಡಚಿ ಎಣಿಸಿದರು. ಅದೆಲ್ಲ ಕೇಳಿ ಮುಗಿದ ಮೇಲೆ ಅವಳು, “ಕಾರ್ಡಿನವರನ್ನ ಡಾಕ್ಟರು ತಿಂಗಳಿಗೆ ಇಬ್ಬರನ್ನೇ ನೋಡೋದು. ಡಿಸೆಂಬರಿಗೆ ಬರ್ಕೊಳ್ಳಲಾ?” ಎಂದಳು.

ನಾನು ಬಾಯಿಗೆ ಬಂದಂತೆ ಬೈದೆ. ಆಗ ಹೊರಬಂತು ನನ್ನ ಬಾಯಿಂದಲೇ, “ನನ್ನ ತಮ್ಮ ಇದೇ ಕಾರ್ಡಿನ ಆಫೀಸಿನಲ್ಲಿದ್ದಾನೆ, ಅವನೇ ಕಳಿಸಿದ್ದು” ಎಂದು. ತಿರುಗಿ ನೋಡಿದರೆ ಇವರು ಇಲ್ಲ. ರಸ್ತೆಯ ಆಚೆ ನಿಂತಿದ್ದರು. “ಅವನಿಗೂ ಹೇಳಿದ್ಯಾ” ಎಂದರು, ಅಷ್ಟೇ. ಆವತ್ತಿನಿಂದ ನನ್ನ ಜೊತೆ ಮಾತಿಲ್ಲ. ಡಾಕ್ಟರ ಹೆಸರೆತ್ತಿದರೆ ಎದ್ದು ಹೋಗುತ್ತಾರೆ.

ದೂರಿನ ನಂಬರಿಗೂ ಮಾಡಿದೆ. ಬರೀ ಸಂಗೀತ ಕೇಳಿಸಿತು. ಇನ್ನು ನಿನಗೆ ಬರೆಯುವುದಿಲ್ಲ.

ಆಗಸ್ಟ್ 20

ಪ್ರೀತಿಯ ಅಕ್ಕಾ,

ನಿನ್ನ ಕಾಗದವಿಲ್ಲದೆ ಆರು ವಾರವಾಯಿತು. ನಿನ್ನ ಸಿಟ್ಟು ನನಗೆ ಹೊಸದಲ್ಲ. ಹಾಲಿನ ಹಾಗೆ ಉಕ್ಕುತ್ತದೆ, ಇಳಿಯುತ್ತದೆ. ತೊಂದರೆ ಇದ್ದಿದ್ದರೆ ನೀನು ಬರೆಯದೆ ಬಿಡುವವಳಲ್ಲ, ಆದ್ದರಿಂದ ಡಾಕ್ಟರು ಸಿಕ್ಕಿರಬೇಕು, ಭಾವ ಗುಣವಾಗಿರಬೇಕು ಎಂದು ನೆಮ್ಮದಿಯಾಗಿದ್ದೇನೆ. ಆ ದೂರಿನ ನಂಬರು ಕೊನೆಗೂ ಕೆಲಸಕ್ಕೆ ಬಂತು ತಾನೇ?

ಇಲ್ಲಿ ನನಗೆ ಕಿಟಕಿ ಪಕ್ಕದ ಮೇಜು ಕೊಟ್ಟಿದ್ದಾರೆ. ಭಾವನಿಗೆ ನನ್ನ ಮೇಲೆ ಬೇಸರವಿದ್ದರೆ ನಾನೇ ಒಮ್ಮೆ ಬಂದು ಸರಿ ಮಾಡುತ್ತೇನೆ. ಅವರ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಕೊನೆಯ ಸ್ಟಾಪಿನವರೆಗೆ ಹೋಗಿ ಎಷ್ಟು ಕಾಲವಾಯಿತು.

ತಮ್ಮ

ಆಗಸ್ಟ್ 26

ನೆಮ್ಮದಿಯಾಗಿದ್ದೀಯ. ಸಂತೋಷ.

ಆಗಸ್ಟ್ ಎರಡನೇ ವಾರ ಇವರು ಸೇತುವೆಯ ಮೇಲೆ ಬಸ್ಸನ್ನು ಪಕ್ಕಕ್ಕೆ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಕಂಡಕ್ಟರಿಗೆ “ಜನರನ್ನ ಇಳಿಸು” ಎಂದು ಹೇಳಿ ಸ್ಟಿಯರಿಂಗಿನ ಮೇಲೇ ಕುಸಿದರು. ಯಾರಿಗೂ ಒಂದು ತರಚು ಗಾಯವಾಗಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಹಾಕಿದರು. ಅಲ್ಲಿ ಗ್ಯಾಸ್ಟ್ರೋ ಡಾಕ್ಟರ ಕುರ್ಚಿಯಿದೆ, ಕೂರುವವರಿಲ್ಲ. ಆ ಹುದ್ದೆ ಖಾಲಿಯಂತೆ. ಸ್ವಲ್ಪ ಎದ್ದು ಕೂತ ಕೂಡಲೇ ಮನೆಗೆ ಕಳಿಸಿದರು. ಕೊಟ್ಟ ಚೀಟಿಯಲ್ಲಿ ಏನಿದೆ ಗೊತ್ತಾ? ಗ್ಯಾಸ್ಟ್ರೋ ಡಾಕ್ಟರಿಗೆ ತೋರಿಸಿ ಎಂದಿದೆ.

ಡಿಪೋದವರು ಲೈಸೆನ್ಸ್ ಇಟ್ಟುಕೊಂಡಿದ್ದಾರೆ. ಇವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಚಾದರ ಎತ್ತಿದರೆ ಅಡಿಯಲ್ಲಿ ಮನುಷ್ಯ ಇದ್ದಾರೋ ಇಲ್ಲವೋ ಅನ್ನಿಸುತ್ತದೆ.

ಉತ್ತರ ಬರದಿದ್ದರೆ “ಮುಂದುವರಿದಿದೆ” ಎಂದು ಗುರುತು ಹಾಕಿ ನಿನಗೆ ಅಭ್ಯಾಸವಾಗಿಬಿಟ್ಟಿದೆ. ನನಗೂ ಹಾಕಿದೆ. ನಾನು ನಿನ್ನ ಪಟ್ಟಿಯಲ್ಲಿರುವ ಡಾಕ್ಟರಲ್ಲ ಕಣೋ, ನಿನ್ನ ಅಕ್ಕ. ಬರೆಯಲಿಲ್ಲ ಅಂದರೆ ನನ್ನ ಮನೆ ಮುಳುಗುತ್ತಿದೆ ಎಂದು ನಿನಗೆ ಗೊತ್ತಾಗಬೇಕಿತ್ತು. ಆ ಕಿಟಕಿ ಪಕ್ಕ ಕೂತು ಗಾಳಿ ಕುಡಿ.

ಸೆಪ್ಟೆಂಬರ್ 3

ಅಕ್ಕಾ,

ನಿನ್ನ ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಓದಿದೆ. ಒಳಗೆ ಹೋಗದೆ ಹಾಗೇ ತಿರುಗಿದೆ.

ರೂಮಿಗೆ ವಾಪಸ್ ಬಂದು ಸ್ವಂತ ಫೋನಿನಿಂದ, ಯಾರೆಂದು ಹೇಳದೆ, “ನಮ್ಮ ಭಾವನಿಗೆ ತೋರಿಸಬೇಕು, ಸರ್ಕಾರದ ಕಾರ್ಡ್ ಇದೆ” ಎಂದು ಒಬ್ಬೊಬ್ಬರಿಗೂ ಮಾಡಿದೆ. ನಿಮ್ಮ ಊರಿನವರಿಗೆ, ಸುತ್ತಲಿನ ಊರಿನವರಿಗೆ, ಎಲ್ಲ. ನಾನು ಕಾರ್ಡಿನ ನಂಬರನ್ನು ಮೊದಲು ಹೇಳಿದೆ. ಮೆತ್ತಗೆ ಕೇಳಿದೆ. ಒಬ್ಬ “ಹೋಗ್ರೀ, ಬೆಳಗ್ಗೆ ಬೆಳಗ್ಗೆ” ಎಂದ. ಕೊನೆಕೊನೆಗೆ ನಾನೂ ನಿನ್ನ ಹಾಗೇ ಕಿರುಚುತ್ತಿದ್ದೆ, ಪಕ್ಕದ ರೂಮಿನವರು ಬಂದು ಬಾಗಿಲು ಬಡಿದರು. ಯಾರ ಮೇಲೆ ಕಿರುಚುವುದು ಎಂದೇ ತಿಳಿಯಲಿಲ್ಲ. ಅವರು ಇಲ್ಲ ಅನ್ನುತ್ತಿದ್ದಾರೆ, ಇದ್ದಾರೆ ಎಂದು ಬರೆದವನು ನಾನು.

ಆಮೇಲೆ ಇನ್ನೊಂದು ಮಾಡಿದೆ. ನಮ್ಮ ಪಟ್ಟಿಯಿಂದ ತೆಗೆದುಹಾಕಿದವರು ಯಾರು ಎಂದು ನೋಡಿದೆ. ಅರ್ಧ ರಾತ್ರಿ ರೈಲಿನಲ್ಲಿ ಹೋಗುವಷ್ಟು ದೂರದ ಊರಿನಲ್ಲಿ ಒಬ್ಬ ಗ್ಯಾಸ್ಟ್ರೋ ಡಾಕ್ಟರಮ್ಮ ಇದ್ದಾರೆ. ಹೋದ ವರ್ಷ ನಮ್ಮ ಫೋನನ್ನು ತಾವೇ ಎತ್ತಿ, ಬಿಲ್ಲು ಯಾಕೆ ತಡ ಮಾಡುತ್ತೀರಿ, ಬಡವರನ್ನು ಎಷ್ಟು ಸಲ ವಾಪಸ್ ಕಳಿಸಲಿ ಎಂದು ಸರಿಯಾಗಿ ತರಾಟೆಗೆ ತೆಗೆದುಕೊಂಡಿದ್ದರು. ತಕರಾರು ಮಾಡಿದವರು ಎಂದು ಅವರ ಹೆಸರನ್ನು ಹೊಡೆದುಹಾಕಿದ್ದೆವು. ಬಾಯಿಬಿಟ್ಟು ಮಾತಾಡಿದವರು ಅವರೊಬ್ಬರೇ, ಅವರೊಬ್ಬರೇ ಪಟ್ಟಿಯಲ್ಲಿಲ್ಲ. ನಿನ್ನೆ ಮಾಡಿದಾಗಲೂ ತಾವೇ ಎತ್ತಿದರು, ಅವರಿಗೆ ಮಾತ್ರ ನಾನು ಯಾರೆಂದು ಹೇಳಿದೆ. “ಕರ್ಕೊಂಡು ಬನ್ನಿ. ಆದರೆ ನನ್ನ ಹೆಸರು ಮತ್ತೆ ಪಟ್ಟಿಗೆ ಬಂದರೆ ಮಾತ್ರ ಕಾರ್ಡ್ ನಡೆಯೋದು, ಅದನ್ನ ನೀವೇ ನೋಡ್ಕೊಳ್ಳಿ” ಎಂದರು.

ನೋಡಿಕೊಂಡಿದ್ದೇನೆ. ಹೆಸರು ಸೇರಿದೆ, ಭಾವನ ಚಿಕಿತ್ಸೆಗೆ ಅನುಮತಿಯೂ ಆಗಿದೆ. ಹೇಗೆ ಎಂದು ಕೇಳಬೇಡ. ಅವರನ್ನು ಹೇಗಾದರೂ ಎಬ್ಬಿಸಿಕೊಂಡು ಹೋಗು. ನನ್ನನ್ನು ಬೈದರೆ ಏಳುತ್ತಾರೆ ಅನ್ನಿಸಿದರೆ ಇಬ್ಬರೂ ಕೂತು ಬೈಯಿರಿ.

ತಮ್ಮ

ಸೆಪ್ಟೆಂಬರ್ 17

ತಮ್ಮಾ,

ನಿನ್ನ ಕಾಗದವನ್ನು ಇವರ ದಿಂಬಿನ ಪಕ್ಕ ಇಟ್ಟೆ, ಬೆಳಿಗ್ಗೆ ತಾವೇ ಎದ್ದು ಶರಟು ಹಾಕಿಕೊಂಡು ಹೊರಟರು. ಕೊಳವೆ ಬಿಟ್ಟು ನೋಡಿದರು. ಕರುಳಿನಲ್ಲಿ ಗಂಟು ಇದೆ. ತುಣುಕು ತೆಗೆದು ಪರೀಕ್ಷೆ ಮಾಡಿಸಿದರು. ಕ್ಯಾನ್ಸರ್. ಈ ಶಬ್ದವನ್ನು ಬರೆಯಲು ಮೂರು ಕಾಗದ ಹರಿದೆ.

ಡಾಕ್ಟರಮ್ಮ ದಪ್ಪ ಕನ್ನಡಕದ ಗಡಸು ಹೆಂಗಸು. ಬಾಗಿಲು ಹಾಕಿ, ನನ್ನನ್ನು ಹೊರಗೆ ಕೂರಿಸಿ, ಇವರೊಬ್ಬರ ಹತ್ತಿರವೇ ಎಲ್ಲ ಕೇಳಿದರು. ಒಳಗಿನಿಂದ ಇವರ ದನಿ ಕೇಳಿಸುತ್ತಿತ್ತು. ಎರಡು ತಿಂಗಳಲ್ಲಿ ನನ್ನ ಹತ್ತಿರ ಆಡದಷ್ಟು ಮಾತನ್ನು ಅರ್ಧ ಗಂಟೆಯಲ್ಲಿ ಆಡಿದರು. ಬೇರೆ ಕಡೆಗೆ ಹರಡಿಲ್ಲವಂತೆ. ಕರುಳಿನ ಆ ಭಾಗ ಕತ್ತರಿಸಿ ತೆಗೆಯಬೇಕು, ಮಲ ಹೋಗಲು ಹೊಟ್ಟೆಗೆ ಚೀಲ ಕಟ್ಟಬೇಕಾಗಬಹುದು, ಬಸ್ಸಿನ ಮಾತು ಸದ್ಯಕ್ಕೆ ಬೇಡ ಎಂದರು.

ನಾನು ಕೇಳಿಬಿಟ್ಟೆ. “ಜೂನಿನಲ್ಲೇ ಬಂದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ವಾ?” ಅವರು ಕನ್ನಡಕ ತೆಗೆದು, “ಗೊತ್ತಿಲ್ಲಮ್ಮ. ಬೇಗ ಬಂದಿದ್ರೆ ಒಳ್ಳೇದಿತ್ತು. ಎಷ್ಟು ಒಳ್ಳೇದಿತ್ತು ಅಂತ ಯಾರೂ ಹೇಳೋಕಾಗಲ್ಲ” ಎಂದರು.

ಹೌದು ಅಂದಿದ್ದರೆ ನಿನ್ನನ್ನು ಶಪಿಸಿ ಮುಗಿಸುತ್ತಿದ್ದೆ. ಇಲ್ಲ ಅಂದಿದ್ದರೆ ಬಿಟ್ಟುಬಿಡುತ್ತಿದ್ದೆ. ಈಗ ಎರಡೂ ಮಾಡಲಾಗದೆ ಒಳಗೊಳಗೇ ಕುದಿಯುತ್ತಿದ್ದೇನೆ. ಡಾಕ್ಟರನ್ನು ಹುಡುಕಿಕೊಟ್ಟೆ ಎಂದು ನಾನು ಕೈ ಮುಗಿಯುತ್ತೇನೆ ಅಂದುಕೊಂಡಿದ್ದರೆ ಮರೆತುಬಿಡು. ಜೂನ್ ನಾಲ್ಕಕ್ಕೆ ಕೇಳಿದ್ದೆ ನಾನು.

ಆಪರೇಷನ್ ಅಕ್ಟೋಬರ್ ಒಂಬತ್ತಕ್ಕೆ.

ಅಕ್ಕ

ಸೆಪ್ಟೆಂಬರ್ 25

ಅಕ್ಕಾ,

ನೀನು ಬರೆದದ್ದರಲ್ಲಿ ಅಲ್ಲಗಳೆಯಲು ಒಂದು ಮಾತೂ ಇಲ್ಲ. ಆಪರೇಷನ್ನಿಗೆ ಬರಲಾಗುವುದಿಲ್ಲ, ಕಚೇರಿಯಲ್ಲಿ ತುಂಬ ಕೆಲಸವಿದೆ. ಭಾವ ಹೆದರಿದ್ದಾರಾ? ಅವರಿಗೆ ಹೆದರಿಕೆಯಾದರೆ ತೋರಿಸುವುದಿಲ್ಲ, ಸಿಳ್ಳೆ ಹಾಕುತ್ತಾರೆ. ಸಿಳ್ಳೆ ಕೇಳಿಸಿದರೆ ಪಕ್ಕದಲ್ಲಿ ಕೂರು.

ತಮ್ಮ

ಅಕ್ಟೋಬರ್ 2

ತುಂಬ ಕೆಲಸವಿರುವವನಿಗೆ,

ನಿನ್ನೆ ಇವರನ್ನು ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರಮ್ಮ ಕೋಣೆಗೆ ಕರೆದು ಒಂದು ವಿಷಯ ಹೇಳಿದರು. ನಿಮ್ಮ ಆಫೀಸಿನಿಂದ ಅವರಿಗೆ ಫೋನ್ ಬಂದಿತ್ತಂತೆ. ಸಾಹೇಬರು ಬೇಡ ಎಂದಿದ್ದರೂ ಅವರ ಹೆಸರನ್ನು ಪಟ್ಟಿಗೆ ಹಾಕಿದ ನೌಕರನನ್ನು ಹೋದ ತಿಂಗಳ ಮೊದಲಲ್ಲೇ ಕೆಲಸದಿಂದ ನಿಲ್ಲಿಸಿದ್ದೇವೆ, ಆ ಹೆಸರನ್ನು ಮತ್ತೆ ತೆಗೆಯುತ್ತಿದ್ದೇವೆ ಎಂದು. “ನಿಮ್ಮ ಯಜಮಾನರಿಗೆ ಅನುಮತಿ ಆಗಿಹೋಗಿದೆ, ಅದನ್ನ ಅವರು ಹಿಂದಕ್ಕೆ ತಗೊಳ್ಳೋಕಾಗಲ್ಲ, ನಾನು ತಗೊಳ್ಳೋಕೆ ಬಿಡೋದೂ ಇಲ್ಲ” ಎಂದು ಮೇಜು ಕುಟ್ಟಿದರು. ಆ ಗುದ್ದಿಗೆ ಅವರ ಟೀ ಚೆಲ್ಲಿತು.

ಒಂದು ತಿಂಗಳಿಂದ ಕೆಲಸವಿಲ್ಲದೆ ರೂಮಿನಲ್ಲಿ ಕೂತಿದ್ದೀಯ, ನನಗೆ ಕಚೇರಿಯಲ್ಲಿ ಕೆಲಸ ಜಾಸ್ತಿ ಎಂದು ಬರೆಯುತ್ತೀಯ. ಒಬ್ಬರು ಪ್ಯಾಂಟು ಮುಚ್ಚಿಟ್ಟು ಒಗೆಯುತ್ತಾರೆ, ಇನ್ನೊಬ್ಬನದು ಇದು. ನನ್ನ ಪಾಲಿಗೆ ಬಂದ ಗಂಡಸರೆಲ್ಲ ಒಂದೇ ಥರ. ಎರಡು ಬಿಗಿಯಬೇಕು ನಿನಗೆ.

ನನ್ನ ಸಿಟ್ಟು ಹೋಗಿಲ್ಲ. ಕೆಲಸ ಕಳೆದುಕೊಂಡ ಎಂದು ಕರಗಿಬಿಡುತ್ತೇನೆ ಎಂದುಕೊಳ್ಳಬೇಡ. ಆ ತಿಂಗಳುಗಳಿಗೆ ಅದು ಸಮವಾಗುವುದಿಲ್ಲ.

ಆಪರೇಷನ್ನಿಗೆ ಮೊದಲು ಮನೆಯವರು ಇಬ್ಬರು ಸಹಿ ಹಾಕಬೇಕಂತೆ. ಒಬ್ಬಳು ನಾನು. ಇನ್ನೊಬ್ಬರು ಯಾರು ಎಂದು ನರ್ಸ್ ಕೇಳಿದಾಗ ಇವರು ನಿನ್ನ ಹೆಸರು ಹೇಳಿದರು. ನಾನು ಅಲ್ಲೇ ಬೇಡ ಎಂದೆ. ನರ್ಸಿನ ಎದುರೇ ಜಗಳವಾಯಿತು. ಅವನ ದೆಸೆಯಿಂದಲೇ ಈ ಸ್ಥಿತಿ, ಅವನ ಸಹಿ ಯಾಕೆ ಬೇಕು ಎಂದು ಕೂಗಿದೆ. ಇವರು ಹಾಸಿಗೆಯಲ್ಲಿ ಎದ್ದು ಕೂತು, “ಬರೀರಿ ಸಿಸ್ಟರ್, ನನ್ನ ಹೆಂಡತಿ ತಮ್ಮ ಅಂತ ಬರೀರಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಅವನನ್ನ ಹೆಗಲ ಮೇಲೆ ಕೂರಿಸ್ಕೊಂಡು ತಿರುಗಿದೋನು ನಾನು. ಅವನು ಹೊರಗಡೆ ಇಲ್ಲದೆ ನಾನು ಒಳಗಡೆ ಹೋಗಲ್ಲ” ಎಂದರು. ಹಟ ಮಾಡಿದರೆ ಇವರು ನನಗಿಂತ ಒಂದು ಕೈ ಮೇಲೆ ಎಂದು ನಿನಗೆ ಗೊತ್ತೇ ಇದೆ.

ಒಂಬತ್ತನೇ ತಾರೀಕು ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಹಿಂದಿನ ದಿನವೇ ಬಾ. ಸಹಿ ಹಾಕು, ಅವರ ಪಕ್ಕ ಕೂರು, ನಗಿಸು. ಬಾಗಿಲು ಮುಚ್ಚಿದ ಮೇಲೆ ಹೊರಗೆ ಬೆಂಚಿನ ಮೇಲೆ ನಾವಿಬ್ಬರೇ ಇರುತ್ತೇವೆ. ಐದಾರು ಗಂಟೆ ಹಿಡಿಯುತ್ತದಂತೆ. ನಿನ್ನನ್ನು ಬೈಯಲು ನನಗೆ ಅಷ್ಟು ಹೊತ್ತು ಬೇಕು.

ಅಕ್ಕ